ಪೊಲೀಸರ ಮೇಲಿನ ದೂರು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಪೊಲೀಸರ ವಿರುದ್ಧ ಅದೇ ಠಾಣೆಗೆ ದೂರು ಕೊಟ್ಟು ಫಲವೇನು ಎಂಬ ಪ್ರಶ್ನೆ ಗುಂಪಿನಲ್ಲಿ ಪದೇ ಪದೇ ಬರುತ್ತಿರುವುದರಿಂದ ಈ ಸೂಚನೆ.

ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ನೀಡಿದ ತೀರ್ಪಿನ ಪ್ರಕಾರ, ಎಸ್‌ಪಿ ಮತ್ತು ಮೇಲಿನ ದರ್ಜೆಯವರ ಮೇಲಿನ ದೂರುಗಳನ್ನು ರಾಜ್ಯ ಮಟ್ಟದ ಪೊಲೀಸ್ ದೂರು ಪ್ರಾಧಿಕಾರವೂ, ಡಿವೈಎಸ್‌ಪಿವರೆಗಿನವರ ಮೇಲಿನ ದೂರುಗಳನ್ನು ಜಿಲ್ಲಾ ಪ್ರಾಧಿಕಾರವೂ ವಿಚಾರಿಸಬೇಕು. ಎರಡಕ್ಕೂ ನಿವೃತ್ತ ನ್ಯಾಯಾಧೀಶರೇ ಅಧ್ಯಕ್ಷರಾಗಿರಬೇಕು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಧಿಕಾರಗಳಿಗೆ ಅವಕಾಶ ಮಾಡಿತು. ಇಲಾಖೆಯ ನೆರಳಿನಿಂದ ಹೊರಗಿರುವ ಸದಸ್ಯರಿಲ್ಲದಿದ್ದರೆ ಇಂಥ ಪ್ರಾಧಿಕಾರ ಹೆಸರಿಗಷ್ಟೇ ಎಂಬುದು ನನ್ನ ಅಭಿಪ್ರಾಯ. ಕಸ್ಟಡಿಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ ಹಾಗೂ ಜಿಲ್ಲಾ ಮಟ್ಟದಲ್ಲಿ ಸುಲಿಗೆ, ಭೂಕಬಳಿಕೆ, ಅಧಿಕಾರದ ಗಂಭೀರ ದುರ್ಬಳಕೆಯಂಥ ಆರೋಪಗಳು ಈ ಪ್ರಾಧಿಕಾರಗಳ ವ್ಯಾಪ್ತಿಗೆ ಸೇರುತ್ತವೆ. ಒರಟು ಮಾತಿನ ಬೇಸರವನ್ನೆಲ್ಲ ಅಲ್ಲಿಗೆ ಒಯ್ಯಬೇಡಿ.

ಎಫ್‌ಐಆರ್ ದಾಖಲಿಸಲು ಠಾಣೆ ನಿರಾಕರಿಸಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಕಾನೂನು) 173(4)ನೇ ಕಲಮಿನಡಿ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಸ್ಪೀಡ್ ಪೋಸ್ಟಿನ ರಸೀದಿಯನ್ನೂ ಮೊಹರು ಬಿದ್ದ ಸ್ವೀಕೃತಿ ಪ್ರತಿಯನ್ನೂ ಜೋಪಾನವಾಗಿಡಿ.

ಠಾಣೆಯ ಬಾಗಿಲು, ಲಾಕಪ್, ಪಡಸಾಲೆಗಳಲ್ಲಿ ಧ್ವನಿಸಹಿತ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆದ್ದರಿಂದ ಘಟನೆಯ ದಿನಾಂಕ ಮತ್ತು ಗಂಟೆಯನ್ನು ಬರೆದು, ದೃಶ್ಯಗಳನ್ನು ಕಾಯ್ದಿರಿಸುವಂತೆ ತಡಮಾಡದೆ ಲಿಖಿತವಾಗಿ ಕೋರಿರಿ.

ದೂರುದಾರರ ಹೆಸರು, ಫೋಟೊ ಮತ್ತು ದೂರಿನ ಪ್ರತಿಗಳನ್ನು ದಯವಿಟ್ಟು ಈ ಗುಂಪಿನಲ್ಲಿ ಹಾಕಬಾರದು.