ನಮ್ಮ ಶೆಡ್ಡಿನ ನಾಯಿಗಳಿಗೆ ಆಪರೇಷನ್ ಮಾಡಿಸಿ, ಇಲ್ಲಿಗೇ ವಾಪಸ್ ಬಿಡಿ

ಗೆ,
ಪಶುಪಾಲನಾ ವಿಭಾಗದ ಅಧಿಕಾರಿಗಳು,
ನಮ್ಮ ವಲಯದ ಪಾಲಿಕೆ ಕಚೇರಿ, ಬೆಂಗಳೂರು

ವಿಷಯ: ಕಟ್ಟಡ ಕಾರ್ಮಿಕರ ಶೆಡ್ಡಿನಲ್ಲಿರುವ ನಾಯಿಗಳಿಗೆ ಸಂತಾನಹರಣ ಆಪರೇಷನ್ ಮತ್ತು ರೇಬೀಸ್ ಲಸಿಕೆ ಕೋರಿ

ಮಾನ್ಯರೇ,

ನಾವು ಅಪಾರ್ಟ್‌ಮೆಂಟ್ ಕಟ್ಟುವ ಸೈಟಿನ ಪಕ್ಕ ತಗಡಿನ ಶೆಡ್ಡುಗಳಲ್ಲಿರುವ 60 ಮನೆಯವರು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರೇ ಜಾಸ್ತಿ. ಕೆಲಸ ಮುಗಿದ ದಿನ ಶೆಡ್ಡು ಬಿಚ್ಚುತ್ತಾರೆ, ನಾವು ಗಂಟು ಕಟ್ಟಿಕೊಂಡು ಬೇರೆ ಸೈಟಿಗೆ ಹೋಗುತ್ತೇವೆ. ಈ ಪತ್ರ ಈಗಲೇ ಬರೆಯಲು ಅದೇ ಕಾರಣ.

ನಾವು ಬಂದಾಗ ಇಲ್ಲಿದ್ದದ್ದು ಒಂದೇ ನಾಯಿ. ಈಗ ದೊಡ್ಡವು 8, ಮರಿಗಳು 6, ಬೆಕ್ಕು 4. ನಾವು ಯಾರೂ ಕರೆದು ತಂದದ್ದಲ್ಲ. ರಾತ್ರಿ ರೊಟ್ಟಿ ಬಡಿಯುವ ಹೊತ್ತಿಗೆ ಒಂದೊಂದಾಗಿ ಬಂದು ದೂರದಲ್ಲಿ ಕೂತವು, ಆಮೇಲೆ ಹತ್ತಿರ ಬಂದವು, ಹಸಿದು ಬಂದದ್ದರ ಎದುರು ಒಂದು ತುತ್ತು ಹಾಕದೆ ನಾವು ಹೇಗೆ ಉಣ್ಣುವುದು, ಹೇಳಿ. ಊರಲ್ಲೂ ಹೀಗೇ ಅಲ್ವಾ, ನಾಯಿಗೆ ಅಂತ ಒಂದು ರೊಟ್ಟಿ ತೆಗೆದೇ ಇಡುತ್ತೇವೆ. ಬೆಕ್ಕು ಬಂದ ಮೇಲೆ ಜೋಳದ ಚೀಲಕ್ಕೆ ಇಲಿ ಕಾಟ ಕಡಿಮೆ ಆಯಿತು.

ಕೆಂಚಿ ಅನ್ನುವ ಹೆಣ್ಣುನಾಯಿ ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಮರಿ ಹಾಕಿತ್ತು. ಜೋರು ಮಳೆ ಬಂದ ರಾತ್ರಿ ಅಲ್ಲಿಗೆ ನೀರು ನುಗ್ಗಿತು. ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ನಮ್ಮ ಬಾಗಿಲಲ್ಲಿ, ಖಾಲಿ ಸಿಮೆಂಟ್ ಚೀಲದ ಮೇಲೆ ಇಟ್ಟಿತು. ಆರು ಸಲ ಹೋಗಿ ಬಂತು. ಕೊನೆಯದು ಪೂರ್ತಿ ತೊಯ್ದು ನಡುಗುತ್ತಿತ್ತು. ನಮ್ಮ ಹೆಣ್ಣುಮಗಳೊಬ್ಬಳು ಅದನ್ನು ಹಳೇ ಲುಂಗಿಯಲ್ಲಿ ಸುತ್ತಿ ಒಲೆ ಪಕ್ಕ ಇಟ್ಟುಕೊಂಡು ಬೆಳಗಿನ ತನಕ ಕೂತಿದ್ದಳು. ಬದುಕಿತು.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಮಕ್ಕಳು ಶೆಡ್ಡಲ್ಲೇ ಇರುತ್ತವೆ. ಸ್ನಾನದ ತಟ್ಟಿ ಹಿಂದೆ ಹಾವು ಬಂದಾಗ ಮೊದಲು ಬೊಗಳಿದ್ದು ಈ ನಾಯಿಗಳೇ.

ಹಾಗಂತ ತೊಂದರೆಯೇ ಇಲ್ಲ ಅಂತ ನಾವು ಹೇಳುವುದಿಲ್ಲ. ಹೊರಗಿಂದ ಬಂದ ನಾಯಿಯೊಂದು ನಮ್ಮ ಹುಡುಗನ ಕಾಲಿಗೆ ಕಚ್ಚಿತು. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಓಡಿದೆವು. ಚುಚ್ಚುಮದ್ದಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ ಅಂತ ನಾಲ್ಕು ಸಲ ಹೋಗಬೇಕು. ಆ ತಾಯಿಗೆ ನಾಲ್ಕು ದಿನದ ಕೂಲಿ ಹೋಯಿತು. ರೇಬೀಸ್ ಲಕ್ಷಣ ಶುರುವಾದ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಷ್ಟ ಅಂತ ಅಲ್ಲಿ ನರ್ಸಮ್ಮ ಹೇಳಿದ ಮೇಲೆ ನಮಗೆ ನಿದ್ದೆ ಬಂದಿಲ್ಲ. ಅದಕ್ಕೇ ಲಸಿಕೆ ಕೇಳುತ್ತಿದ್ದೇವೆ.

ಹೋದ ತಿಂಗಳು ಒಂದು ವಾಹನ ಬಂದು ಮೂರು ನಾಯಿಗಳನ್ನು ಹಿಡಿದುಕೊಂಡು ಹೋಯಿತು. ಕರಿಯ ಅನ್ನುವುದೂ ಅದರಲ್ಲಿತ್ತು. ಇವತ್ತಿಗೂ ವಾಪಸ್ ಬಂದಿಲ್ಲ, ಎಲ್ಲಿವೆ ಅಂತ ಹೇಳುವವರೂ ಇಲ್ಲ. ಮಕ್ಕಳು ದಿನಾ ಕೇಳುತ್ತವೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು ಅಂತ ಇದೆ. ಅದರಲ್ಲಿ ಅರ್ಥವೂ ಇದೆ. ಇವು ಹೋದರೆ ಆ ಜಾಗಕ್ಕೆ ಲಸಿಕೆ ಇಲ್ಲದ, ಗುರುತಿಲ್ಲದ ಬೇರೆ ನಾಯಿಗಳು ಬರುತ್ತವೆ.

ಸರ್, ಮೇಡಂ, ಇಲ್ಲಿ ಬಲೆ ಬೇಕಾಗಿಲ್ಲ. ಹೆಸರು ಕರೆದರೆ ಇವು ನಮ್ಮ ಕೈಗೆ ಬರುತ್ತವೆ, ನಾವೇ ಎತ್ತಿ ವಾಹನಕ್ಕೆ ಹತ್ತಿಸುತ್ತೇವೆ. ನಾವು ಇಲ್ಲಿಂದ ಹೋದ ಮೇಲೆ ಇವನ್ನು ಹೀಗೆ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಆಗ ಈ ಮರಿಗಳಿಗೂ ಮರಿಗಳಾಗಿರುತ್ತವೆ, ಅನ್ನ ಹಾಕುವವರು ಇರುವುದಿಲ್ಲ.

ಆದ್ದರಿಂದ 8 ನಾಯಿಗಳನ್ನೂ ಆಪರೇಷನ್‌ಗೆ ಕರೆದುಕೊಂಡು ಹೋಗಿ. ಕೆಂಚಿಯನ್ನು ಮಾತ್ರ ಮರಿಗಳು ಹಾಲು ಬಿಡುವವರೆಗೆ ಬಿಟ್ಟುಬಿಡಿ, ಮರಿಗಳಿಗೆ ಮೂರು ತಿಂಗಳು ತುಂಬಿದಾಗ ಲಸಿಕೆಗೆ ಬನ್ನಿ. ಒಯ್ಯುವಾಗ ಒಂದು ಚೀಟಿ ಕೊಡಿ: ಎಷ್ಟು ಒಯ್ದಿರಿ, ಎಲ್ಲಿಗೆ, ಯಾವತ್ತು ವಾಪಸ್. ಆ ಮೂರು ನಾಯಿಗಳ ಸುದ್ದಿಯನ್ನೂ ತಿಳಿಸಿ. ಪಕ್ಕದ ಅಪಾರ್ಟ್‌ಮೆಂಟಿನವರು ಗೇಟಿನ ಹತ್ತಿರ ಅನ್ನ ಹಾಕಬೇಡಿ ಅನ್ನುತ್ತಾರೆ, ಅವರ ಮಾತೂ ಸರಿ. ಮಕ್ಕಳು ಆಡುವ ಕಡೆಯಿಂದಲೂ ದೂರ ಒಂದು ಜಾಗ ತೋರಿಸಿ. ಅಲ್ಲೇ ಹಾಕಿ ಅಲ್ಲೇ ಗುಡಿಸುತ್ತೇವೆ.

ವಾಹನ ಭಾನುವಾರ ಬೆಳಿಗ್ಗೆ ಬಂದರೆ ಒಳ್ಳೆಯದು. ಅವತ್ತು ಎಲ್ಲರೂ ಶೆಡ್ಡಲ್ಲೇ ಇರುತ್ತೇವೆ, ನಾಯಿಗಳೂ ಇರುತ್ತವೆ.

ಇಂತಿ,
ಶೆಡ್ಡಿನ ಎಲ್ಲಾ ಮನೆಯವರು
(ಸಹಿ ಮತ್ತು ಹೆಬ್ಬೆಟ್ಟು ಹಿಂದಿನ ಪುಟದಲ್ಲಿದೆ)