ಹೂಜಿಯ ನೆರಳು ಬೇಡ, ಅಕ್ಷರ ಬರೆಸಿ

ಮಾನ್ಯ ಸಂಪಾದಕರೇ,

ಚಿತ್ರ ಬಿಡಿಸಲು ಬಾರದ ಮಗ ಗ್ರಾಫಿಕ್ ಡಿಸೈನ್ ಓದಬಹುದೇ ಎಂದು ತಾಯಿಯೊಬ್ಬರು ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಕೇಳಿದ್ದರು. ಈಗೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಚಿಂತೆ ಬೇಡ ಎಂಬ ಉತ್ತರ ಬಂತು. ಅದನ್ನು ಓದಿ ಸಿಟ್ಟಾದ ಚಿತ್ರಕಲಾ ಶಿಕ್ಷಕರೊಬ್ಬರ ಪತ್ರವೂ ಆಮೇಲೆ ಅಚ್ಚಾಯಿತು. ಜಲವರ್ಣ, ನೆರಳು–ಬೆಳಕು, ದೇಹರಚನೆ ಕಲಿಯದವನು ಡಿಸೈನರೇ ಅಲ್ಲವಂತೆ. ಇಬ್ಬರೂ ಮುದ್ರಣಾಲಯದೊಳಗೆ ಒಂದು ದಿನ ಕುಳಿತು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ನಾನು ಗದಗದಲ್ಲಿ ಮುದ್ರಣಾಲಯ ನಡೆಸುತ್ತೇನೆ. ಅದಕ್ಕೂ ಮೊದಲು ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಆ ಕಸುಬಿಗೆ ಕುತ್ತಾದ ಮೇಲೆ ಕಂಪ್ಯೂಟರ್ ಮುಂದೆ ಕುಳಿತೆ. ಬ್ರಷ್ ಹಿಡಿದವನು ಬ್ರಷ್ಷಿನ ಪರವೇ ವಾದಿಸುತ್ತಾನೆ ಎಂದುಕೊಳ್ಳಬೇಡಿ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಅಗರಬತ್ತಿಯ ಡಬ್ಬಿ, ಜಾತ್ರೆಯ ಕರಪತ್ರ, ಇವುಗಳಲ್ಲಿ ಯಾವುದಕ್ಕೂ ನನ್ನ ಬಳಿಯ ಹುಡುಗರು ಜಲವರ್ಣ ಕಲಸಿದ್ದನ್ನು ನಾನು ಕಂಡಿಲ್ಲ. ಚಿತ್ರ ಬೇಕೆಂದರೆ ಚಿತ್ರಕಾರರಿದ್ದಾರೆ, ಹಣ ಕೊಟ್ಟು ಬರೆಸುತ್ತೇವೆ. ಲಂಡನ್ನಿನ ಸುರಂಗ ರೈಲಿನ ನಕಾಶೆಯನ್ನೇ ನೋಡಿ. ಅದನ್ನು 1931ರಲ್ಲಿ ರೂಪಿಸಿದ ಹ್ಯಾರಿ ಬೆಕ್ ವಿದ್ಯುತ್ ಜೋಡಣೆಯ ನಕ್ಷೆ ಎಳೆಯುವ ನೌಕರ. ನೇರ ಗೆರೆ, ಅಡ್ಡ ಗೆರೆ, ನಲವತ್ತೈದು ಡಿಗ್ರಿಯ ಓರೆ ಗೆರೆ, ಇಷ್ಟೇ ಅವನ ಬಂಡವಾಳ. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂದ ಆ ಪದ್ಧತಿಯನ್ನೇ ಇಂದು ಊರೂರಿನ ಮೆಟ್ರೊಗಳು ಅನುಸರಿಸುತ್ತಿವೆ.

ಹಾಗಾದರೆ ಪೆನ್ಸಿಲ್ ಬೇಡವೇ? ಬೇಕು. ಆದರೆ ಅಕ್ಷರ ಬರೆಯುವುದಕ್ಕೆ.

ಕೆಲಸ ಕೇಳಿಕೊಂಡು ಬರುವವರು ಮೊಬೈಲಿನಲ್ಲಿ ತಮ್ಮ ಪೋಸ್ಟರುಗಳನ್ನು ತೋರಿಸುತ್ತಾರೆ. ಚೆನ್ನಾಗಿಯೇ ಇರುತ್ತವೆ, ಎಲ್ಲವೂ ಇಂಗ್ಲಿಷಿನಲ್ಲಿ. ನಾನು ಒಂದು ಹಾಳೆ ಕೊಟ್ಟು ‘ಧನಲಕ್ಷ್ಮಿ ಸ್ಟೋರ್ಸ್’ ಎಂದು ದಪ್ಪಕ್ಷರದಲ್ಲಿ ಬರೆಯಲು ಹೇಳುತ್ತೇನೆ. ಹೆಚ್ಚಿನವರ ಕೈ ‘ಕ್ಷ್ಮಿ’ಯಲ್ಲಿ ನಿಂತುಬಿಡುತ್ತದೆ. ಷಕಾರದ ಒತ್ತು ಎಲ್ಲಿ ಕೂರಬೇಕು, ಅದರ ಪಕ್ಕ ಮಕಾರದ ಒತ್ತಿಗೆ ಎಷ್ಟು ಜಾಗ ಬಿಡಬೇಕು, ಮೇಲಿನ ಗುಡಿಸು ಎಷ್ಟು ಸುತ್ತಬೇಕು ಎಂಬುದನ್ನು ಒಂದನೆಯ ತರಗತಿಯಿಂದ ಓದುತ್ತ ಬಂದವರೇ ಒಮ್ಮೆಯೂ ಗಮನಿಸಿರುವುದಿಲ್ಲ. ಇನ್ನು ‘ಧ’ದ ಕೆಳಗಿನ ಸೀಳು. ವಿಸಿಟಿಂಗ್ ಕಾರ್ಡಿನಲ್ಲಿ ಸಣ್ಣ ಗಾತ್ರಕ್ಕೆ ದಪ್ಪ ಫಾಂಟ್ ಹಾಕಿದರೆ ಶಾಯಿ ಹರಡಿ ಆ ಸೀಳು ಮುಚ್ಚಿಕೊಳ್ಳುತ್ತದೆ, ಧನ ಹೋಗಿ ದನವಾಗುತ್ತದೆ. ಅಂಗಡಿಯವರು ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಎಸೆದು ಜಗಳಕ್ಕೆ ನಿಂತಾಗ ಸಾಫ್ಟ್‌ವೇರ್ ನೋಡಿಕೊಳ್ಳುವುದಿಲ್ಲ, ನಾನು ನೋಡಿಕೊಳ್ಳಬೇಕು.

ಇಂಥವು ಪ್ರತಿದಿನದ ಪಾಡು. ಹೆಸರು ಉದ್ದವಾಯಿತೆಂದು ಮೌಸ್ ಹಿಡಿದು ಅಕ್ಷರಗಳನ್ನು ಅಡ್ಡಡ್ಡ ಅಮುಕುತ್ತಾರೆ. ಆಗ ನಿಂತ ಗೆರೆಗಳಷ್ಟೇ ಸಣಕಲಾಗಿ, ಮಲಗಿದ ಗೆರೆಗಳ ದಪ್ಪ ಹಾಗೆಯೇ ಉಳಿಯುತ್ತದೆ. ಬ್ರಷ್ಷಿನಲ್ಲಿ ಒಮ್ಮೆ ಬರೆದವನ ಕಣ್ಣಿಗೆ ಅದು ತಕ್ಷಣ ಚುಚ್ಚುತ್ತದೆ, ಅವನು ಅಮುಕುವ ಬದಲು ಹೆಸರನ್ನು ಎರಡು ಸಾಲು ಮಾಡುತ್ತಾನೆ. ಪುಟ ವಿನ್ಯಾಸದ ತಂತ್ರಾಂಶಗಳು ತಾವಾಗಿ ಕೊಡುವ ಸಾಲಿನ ಅಂತರ ಅಕ್ಷರದ ಗಾತ್ರಕ್ಕಿಂತ ಶೇ. 20ರಷ್ಟು ಮಾತ್ರ ಹೆಚ್ಚು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಂದು ಗುದ್ದುತ್ತದೆ. ನಮ್ಮೂರಿನ ಯಾವ ಬ್ಯಾನರ್ ಬೇಕಾದರೂ ನೋಡಿ.

ರೂಪಾಯಿಯ ಚಿಹ್ನೆಯನ್ನು ಆ ಚಿತ್ರಕಲಾ ಶಿಕ್ಷಕರು ಮರೆತಂತಿದೆ. ಕೇಂದ್ರ ಸರ್ಕಾರ 2010ರಲ್ಲಿ ಒಪ್ಪಿಕೊಂಡ ಆ ಚಿಹ್ನೆಯ ಕರ್ತೃ ಡಿ. ಉದಯ ಕುಮಾರ್. ವಾಸ್ತುಶಿಲ್ಪ ಓದಿ, ಬಳಿಕ ತಮಿಳು ಅಕ್ಷರ ವಿನ್ಯಾಸದ ಮೇಲೆ ಸಂಶೋಧನೆ ಮಾಡಿದವರು. ದೇವನಾಗರಿಯ ‘ರ’ಕ್ಕೂ ರೋಮನ್ ‘ಆರ್’ಗೂ ಇರುವ ಹೋಲಿಕೆಯನ್ನು ಹಿಡಿದರು, ಮೇಲೆ ಎರಡು ಅಡ್ಡ ಗೆರೆ ಎಳೆದರು. ಅಲ್ಲಿರುವುದು ಅಪ್ಪಟ ಅಕ್ಷರದ ಕೆಲಸ. ನ್ಯೂಯಾರ್ಕಿನ ಡಿಸೈನರ್ ಮಿಲ್ಟನ್ ಗ್ಲೇಸರ್ ಬಹಳ ಸೊಗಸಾಗಿ ಚಿತ್ರ ಬರೆಯುತ್ತಿದ್ದವರು, ನಿಜ. ಆದರೂ 1976ರಲ್ಲಿ ಟ್ಯಾಕ್ಸಿಯಲ್ಲಿ ಕುಳಿತು ಲಕೋಟೆಯ ಮೇಲೆ ಕೆಂಪು ಕ್ರೇಯಾನಿನಿಂದ ಅವರು ಗೀಚಿದ್ದು ಮೂರು ಅಕ್ಷರ, ಒಂದು ಹೃದಯ: ‘ಐ ಲವ್ ನ್ಯೂಯಾರ್ಕ್’ ಎಂದು ಓದಿಸಿಕೊಳ್ಳುವ ಗುರುತು. ಇಂದಿಗೂ ಅಂಗಿ, ಬಟ್ಟಲುಗಳ ಮೇಲೆಲ್ಲ ಕಾಣುವುದು ಅದೇ ಗುರುತು.

ಎಐ ಇರುವಾಗ ಇವೆಲ್ಲ ಯಾಕೆ ಎಂದು ನನ್ನ ಮಗನೇ ಕೇಳುತ್ತಾನೆ. ಅದು ಕಾರಹುಣ್ಣಿಮೆಯ ಎತ್ತುಗಳನ್ನು ಕಣ್ಣು ಕುಕ್ಕುವಂತೆ ಬರೆದುಕೊಡುತ್ತದೆ, ಒಪ್ಪುತ್ತೇನೆ. ‘ಶುಭಾಶಯಗಳು’ ಎಂದು ಬರೆಸಲು ಹೋದರೆ ಹಲವು ಸಲ ಜಿಲೇಬಿ ಹುಯ್ದು ಕೊಡುತ್ತದೆ. ಎತ್ತು ಬರೆಯಬಲ್ಲವನಿಗಿಂತ ಅಕ್ಷರ ತಿದ್ದಬಲ್ಲವನೇ ಈಗ ನನಗೆ ಹೆಚ್ಚು ಬೇಕಾಗಿರುವುದು. ಇಂಗ್ಲಿಷಿಗೆ ಲೆಕ್ಕವಿಲ್ಲದಷ್ಟು ಫಾಂಟುಗಳಿವೆ, ಕನ್ನಡದಲ್ಲಿ ಸುತ್ತಿ ಬಳಸಿ ಅವೇ ಕೆಲವು. ನೆಹರೂ ಕಾಲದ ಕಾದಂಬರಿಯ ಮುಖಪುಟಕ್ಕೂ ಇವತ್ತಿನ ಚಹಾದಂಗಡಿಗೂ ಒಂದೇ ಮುಖದ ಅಕ್ಷರ ಹಾಕಲಾಗದು. ಬೇರೆ ಬೇಕೆಂದರೆ ಯಾರಾದರೂ ಕೂತು ಬರೆಯಲೇಬೇಕು.

ಆ ತಾಯಿಗೆ ಒಂದು ಮಾತು. ಡಿಸೈನ್ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆಯಲ್ಲಿ ಕೈಯಿಂದ ಚಿತ್ರ ಬಿಡಿಸುವ ಭಾಗವಿದೆ. ಅಂಥ ಕಡೆ ಸೇರುವ ಆಸೆಯಿದ್ದರೆ ಮಗ ಅಭ್ಯಾಸ ಮಾಡಲಿ. ಆದರೆ ಚಿತ್ರ ಚೆನ್ನಾಗಿ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಈ ಕಸುಬಿನ ಆಸೆ ಬಿಡುವುದು ಬೇಡ.

ನಮ್ಮ ಭಾಗದ ಡಿಸೈನ್ ತರಬೇತಿ ಕೇಂದ್ರಗಳಿಗೂ ಕಲಾ ಕಾಲೇಜುಗಳಿಗೂ ನನ್ನ ಕೋರಿಕೆ: ಹೂಜಿ, ಬಾಳೆಹಣ್ಣು ಇಟ್ಟು ನೆರಳು ಕೊಡಿಸುವ ತರಗತಿಗಳಲ್ಲಿ ಅರ್ಧವನ್ನಾದರೂ ಕನ್ನಡ ಅಕ್ಷರ ಬರೆಸಲು ಕೊಡಿ. ಕಲಿಸುವವರಿಲ್ಲ ಎನ್ನಬೇಡಿ. ಚಾಕ್ ಹಚ್ಚಿದ ದಾರ ಮಿಡಿದು ಗೆರೆ ಹಾಕಿ, ಅಳತೆಪಟ್ಟಿ ಮುಟ್ಟದೆ ಸಾಲು ತುಂಬಿಸುವ ಹಿರಿಯರು ಗದಗ, ಹುಬ್ಬಳ್ಳಿಗಳಲ್ಲಿ ಇನ್ನೂ ಇದ್ದಾರೆ. ಲಾರಿಗಳ ಹಿಂದೆ, ಶಾಲೆಯ ಗೋಡೆಗಳ ಮೇಲೆ ಬರೆದು ಬದುಕುತ್ತಿದ್ದಾರೆ. ವಾರಕ್ಕೊಂದು ದಿನ ಅವರನ್ನು ಕರೆಸಿ, ಕೂಲಿಯಲ್ಲ, ಗೌರವಧನ ಕೊಡಿ. ಪದವಿ ಪ್ರಮಾಣಪತ್ರವನ್ನಂತೂ ಕೇಳಬೇಡಿ.

– ಒಬ್ಬ ಮುದ್ರಕ, ಗದಗ