ಆಸ್ಪತ್ರೆ ಮಹಡೀಲೇ ಮನೆ ಮಾಡ್ಕೊಂಡ ಡಾಕ್ಟರು

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಪತ್ರಿಕೆಯ ಆಗಸ್ಟ್ ಸಂಚಿಕೆ ಅಂದ್ರೆ ಸ್ವಾತಂತ್ರ್ಯ ದಿನ, ವರಮಹಾಲಕ್ಷ್ಮಿ, ಗಣೇಶನ ಹಬ್ಬದ ಚಂದಾ ಅಂತ ಬರೆದು ಮುಗಿಸೋದು ನಮ್ಮ ವಾಡಿಕೆ, ಆದ್ರೆ ಈ ಸಲ ನಮ್ಮೂರಿನವರಲ್ಲದ ಒಬ್ಬ ಮಕ್ಕಳ ಡಾಕ್ಟರನ್ನ ನೆನೆಸ್ಕೋಬೇಕು ಅನ್ನಿಸ್ತು. ಫಿಲಿಪ್ಪೀನ್ಸ್‌ನ ಡಾ. ಫೆ ಡೆಲ್ ಮುಂಡೋ. 2011ರ ಆಗಸ್ಟ್ 6ಕ್ಕೆ ತೀರ್ಕೊಂಡ್ರು, ಇನ್ನೊಂದು ನಾಲ್ಕು ತಿಂಗಳು ಇದ್ದಿದ್ರೆ ನೂರು ತುಂಬಿರೋದು. ಆಸ್ಪತ್ರೇಲಿ ಕೆಲಸ ಮಾಡೋ ನಮ್ಮ ಮೆಂಬರ್‌ಗಳಿಗೆ ಫಿಲಿಪಿನೋ ನರ್ಸ್‌ಗಳ ಪರಿಚಯ ಇದ್ದೇ ಇರುತ್ತಲ್ಲ, ಬಿಡುವಾದಾಗ ಅವರನ್ನೇ ಕೇಳಿ ನೋಡಿ.

ಮನಿಲಾದ ಇಂಟ್ರಾಮುರೋಸ್‌ನಲ್ಲಿ 1911ರಲ್ಲಿ ಹುಟ್ಟಿದ್ದು, ಎಂಟು ಮಕ್ಕಳ ಮನೆ. ಅದ್ರಲ್ಲಿ ಮೂರು ಕೂಸಿದ್ದಾಗಲೇ ಹೋದ್ವು. ಅಕ್ಕ ಎಲಿಸಾಗೆ ಡಾಕ್ಟರ್ ಆಗಿ ಬಡವರಿಗೆ ಔಷಧಿ ಕೊಡ್ಬೇಕು ಅಂತ ಆಸೆ, ಅವಳೂ ಹನ್ನೊಂದನೇ ವಯಸ್ಸಿಗೆ ಅಪೆಂಡಿಸೈಟಿಸ್ ಆಗಿ ಹೋಗ್ಬಿಟ್ಳು. ಆ ಆಸೆಯನ್ನ ತಂಗಿ ಹೊತ್ಕೊಂಡ್ಳು. ಮನೆಯವರ ಮೂಲ ಮರಿಂಡುಕೆ ಅನ್ನೋ ಪುಟ್ಟ ದ್ವೀಪ, ಅಲ್ಲಿನ ಮಕ್ಕಳ ಪಾಡು ನೋಡಿದ ಮೇಲೇ ಮಕ್ಕಳ ವೈದ್ಯವೇ ಬೇಕು ಅಂತ ಗಟ್ಟಿ ಮಾಡ್ಕೊಂಡಿದ್ದು. 1933ಕ್ಕೆ ಡಿಗ್ರಿ, ಆಮೇಲೆ ಫಿಲಿಪ್ಪೀನ್ಸ್ ಅಧ್ಯಕ್ಷ ಕೆಜಾನ್ ಕೊಡಿಸಿದ ಸ್ಕಾಲರ್‌ಶಿಪ್‌ನಲ್ಲಿ ಅಮೆರಿಕ.

ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಸೇರಿದ ಮೊದಲ ಹೆಂಗಸು ಇವರೇ, ಗಂಡಸು ಅಂದ್ಕೊಂಡು ಗಂಡು ಹುಡುಗರ ಹಾಸ್ಟೆಲ್‌ಗೆ ಹಾಕಿದ್ರಂತೆ ಅಂತ ಒಂದು ಕಥೆ ವಾಟ್ಸಾಪ್‌ನಲ್ಲಿ ಸುತ್ತುತ್ತೆ. ಕಥೆ ಮಜವಾಗೇ ಇದೆ, ಆದ್ರೆ ಅವರು ಅಲ್ಲಿಗೆ ಹೋಗಿದ್ದು ಆಗ್ಲೇ ಡಾಕ್ಟರ್ ಆಗಿ, ಹೆಚ್ಚಿನ ತರಬೇತಿಗೆ, ಎಂ.ಡಿ. ಕೋರ್ಸಿಗೆ (ಅಮೆರಿಕದಲ್ಲಿ ಡಾಕ್ಟರ್ ಆಗೋಕೆ ಓದೋ ಮೊದಲ ಡಿಗ್ರಿ ಅದು, ನಮ್ಮ ಎಂಬಿಬಿಎಸ್ ಥರ) ಹಾರ್ವರ್ಡ್‌ನವರು ಹೆಣ್ಣುಮಕ್ಕಳನ್ನ ಸೇರಿಸ್ಕೊಂಡಿದ್ದು 1945ರಲ್ಲಿ. ಅವರ ದೊಡ್ಡತನಕ್ಕೆ ಈ ಕಥೆ ಬೇಕಾಗೂ ಇಲ್ಲ ಬಿಡಿ.

ಅಮೆರಿಕದಿಂದ ವಾಪಸ್ ಹೋಗಿದ್ದು 1941ರಲ್ಲಿ. ಆ ವರ್ಷ ಮುಗಿಯೋ ಹೊತ್ತಿಗೆ ಜಪಾನಿನ ಸೈನ್ಯ ಬಂತು. ಸಾಂಟೋ ತೋಮಾಸ್ ಯೂನಿವರ್ಸಿಟಿ ಕ್ಯಾಂಪಸ್ಸನ್ನೇ ಸೆರೆ ಶಿಬಿರ ಮಾಡಿ ಅಮೆರಿಕನ್ನರು, ಬ್ರಿಟಿಷರು, ಅವರ ಹೆಂಡ್ತಿ ಮಕ್ಕಳು ಎಲ್ಲರನ್ನೂ ಕೂಡಿಹಾಕಿದ್ರು, ಇವರು ರೆಡ್ ಕ್ರಾಸ್ ಮೂಲಕ ಹೋಗಿ ಆ ಮಕ್ಕಳನ್ನ ನೋಡ್ಕೊಂಡ್ರು, ಜಪಾನಿನವರು ನಿಲ್ಲಿಸೋವರೆಗೂ. ಆಮೇಲೆ ಸರ್ಕಾರಿ ಆಸ್ಪತ್ರೆ ನಡೆಸಿದ್ರು, ಆದ್ರೆ ಫೈಲು, ಸಹಿ, ಪರ್ಮಿಷನ್ ಇದ್ರಲ್ಲೇ ಸಾಕಾಗೋಯ್ತು. ಕೊನೆಗೆ ಮನೆ ಮಾರಿ, ಸಾಮಾನೂ ಮಾರಿ, ಸರ್ಕಾರಿ ವಿಮಾ ಸಂಸ್ಥೆಯಿಂದ ಸಾಲ ತಗೊಂಡು 1957ರಲ್ಲಿ ಕೆಜಾನ್ ಸಿಟೀಲಿ ನೂರು ಹಾಸಿಗೆಯ ಮಕ್ಕಳ ಆಸ್ಪತ್ರೆ ತೆಗೆದ್ರು. ಮನೆಯೇ ಇಲ್ವಲ್ಲ, ಆಸ್ಪತ್ರೆಯ ಎರಡನೇ ಮಹಡೀಲೇ ಇದ್ದುಬಿಟ್ರು! ಮದುವೆ ಆಗ್ಲಿಲ್ಲ. ಮರುವರ್ಷವೇ ಆಸ್ಪತ್ರೆಯನ್ನ ಟ್ರಸ್ಟಿಗೆ ಬರೆದುಕೊಟ್ರು. ತೊಂಬತ್ತು ದಾಟಿದ ಮೇಲೂ ವೀಲ್‌ಚೇರ್‌ನಲ್ಲಿ ಕೂತು ರೌಂಡ್ಸ್ ಹೋಗ್ತಿದ್ರು.

ನಂಗೆ ತುಂಬಾ ಇಷ್ಟ ಆಗಿದ್ದು ಅವರ ಬಿದಿರಿನ ಇನ್‌ಕ್ಯುಬೇಟರ್. ಕರೆಂಟೇ ಇಲ್ಲದ ಹಳ್ಳೀಲಿ ದಿನ ತುಂಬದೇ ಹುಟ್ಟಿದ ಕೂಸಿಗೆ ಏನು ಮಾಡೋದು? ಬಟ್ಟೆ ಹಾಕೋ ಬಿದಿರಿನ ಬುಟ್ಟಿ ಎರಡು ತಗೊಳ್ಳಿ, ಒಂದು ದೊಡ್ಡದು ಒಂದು ಚಿಕ್ಕದು, ಚಿಕ್ಕದನ್ನ ದೊಡ್ಡದರೊಳಗೆ ಇಡಿ, ಮಧ್ಯೆ ಸಂದಿಯಲ್ಲಿ ಬಿಸಿನೀರಿನ ಬಾಟಲಿಗಳು, ಬೇಕಾದ್ರೆ ಆಕ್ಸಿಜನ್ ಕೊಡೋಕೂ ಒಂದು ಏರ್ಪಾಡು, ಒಳಗೆ ಕೂಸು ಬೆಚ್ಚಗೆ. ಹುಟ್ಟಿದ ಮಗೂನ ಮೊರದಲ್ಲಿ ಮಲಗಿಸಿದವರ ವಂಶದವರು ನಾವು, ನಮಗೆ ಇದು ತಟ್ಟನೆ ಅರ್ಥ ಆಗುತ್ತೆ. ಬಾಸ್ಟನ್‌ನಲ್ಲಿ ಅಷ್ಟೆಲ್ಲ ಕಲಿತು ಬಂದವರು ಊರಿನ ಬುಟ್ಟಿ ಕಡೆ ನೋಡಿದ್ರಲ್ಲ, ಅದು ಸಣ್ಣ ವಿಷಯ ಅಲ್ಲ. ಹಳ್ಳಿಯ ಸೂಲಗಿತ್ತಿಯರನ್ನೂ ಹಂಗೇ, ಇವರಿಗೇನು ಗೊತ್ತು ಅಂತ ದೂರ ಇಡದೆ, ತರಬೇತಿ ಕೊಟ್ಟು ಡಾಕ್ಟರ್‌ಗಳ ಜೊತೆ ಸೇರ್ಕೊಂಡು ಕೆಲಸ ಮಾಡೋ ಹಾಗೆ ನೋಡ್ಕೊಂಡ್ರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಫೋಟೋ ಶೇರ್ ಮಾಡಿದ್ವಿ, ಅಂಥ ಹೆಂಗಸರನ್ನ ಈ ಡಾಕ್ಟರು ದಶಕಗಳ ಹಿಂದೆಯೇ ಲೆಕ್ಕಕ್ಕೆ ತಗೊಂಡಿದ್ರು.

ಪ್ರಶಸ್ತಿ ಬಂದ್ವು, 1977ರಲ್ಲಿ ಮ್ಯಾಗ್ಸೆಸೆ (ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದಿದ್ದೂ ಇದೇ), 1980ರಲ್ಲಿ ರಾಷ್ಟ್ರೀಯ ವಿಜ್ಞಾನಿ ಅನ್ನೋ ಗೌರವ.

ಇಂಥವರ ಕಥೆ ಹೇಳಿದ ತಕ್ಷಣ ನಮ್ಮ ಪಾಟ್‌ಲಕ್‌ಗಳಲ್ಲಿ ಅದೇ ಹಳೇ ಜಗಳ ಶುರು, ಊರಿಗೆ ವಾಪಸ್ ಹೋದವರು ದೊಡ್ಡೋರು, ಇಲ್ಲೇ ಪರದೇಶದಲ್ಲಿ ಉಳಿದವರು ಸ್ವಾರ್ಥಿಗಳು ಅಂತ. ನಂಗೆ ಆ ವಾದ ಒಪ್ಪಿಗೆ ಇಲ್ಲ. ವಾಪಸ್ ಹೋಗೋಕೆ ಒಂದು ಟಿಕೆಟ್ ಸಾಕು, ಆದ್ರೆ ಅವರು ಹೋದ ಮೇಲಿನ ಎಪ್ಪತ್ತು ವರ್ಷ ಇದೆಯಲ್ಲ, ಆ ಸಾಲ, ಆ ಬುಟ್ಟಿ, ಆ ಎರಡನೇ ಮಹಡಿ, ಅದ್ರ ಬಗ್ಗೆ ಮಾತಾಡೋಣ ಅಂತೀನಿ.

ಅದಕ್ಕೇ ದೀಪಾವಳಿ ಸಂಚಿಕೆಗೆ ಒಂದು ಕೋರಿಕೆ: ನಿಮ್ಮ ಊರಿನ ಡಾಕ್ಟರು, ಕಾಂಪೌಂಡರು, ನಿಮ್ಮನ್ನ ಭೂಮಿಗೆ ತಂದ ಸೂಲಗಿತ್ತಿ ಅಜ್ಜಿ, ಯಾರಾದ್ರೂ ಸರಿ, ನೆನಪಿದ್ದಷ್ಟು ಬರೆದು ಕಳಿಸಿ. ಒಂದು ಪುಟ ಸಾಕು. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ದಯವಿಟ್ಟು ಯೂನಿಕೋಡ್ ಮಾಡಿ ಕಳಿಸಿ, ಹೋದ ಸಲ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿ ಪ್ರೂಫ್ ನೋಡಿದವರು ಇನ್ನೂ ನನ್ನ ಹತ್ರ ಮಾತು ಬಿಟ್ಟಿದ್ದಾರೆ.